ಹೊಸ ಡ್ರೈವರ್‌ನ ಮೂವತ್ತೊಂದು ದೋಷಗಳು

ಮಾರ್ಚ್ 3, ಸೋಮವಾರ

ಹೊಸ ಡ್ರೈವರ್ ಇವತ್ತು ನನ್ನ ಮೇಜಿಗೆ ಬಂತು. ಮೂರು ವಾರದೊಳಗೆ ನೋಡಿ ಮುಗಿಸಿ, ಬಿಡುಗಡೆಗೆ ಸಹಿ ಹಾಕಬೇಕು, ಇಲ್ಲವೇ ಹಾಕುವುದಿಲ್ಲ ಎನ್ನಬೇಕು. ಆಫೀಸಿನಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಬರೆದುಕೊಳ್ಳಲು ಪ್ರತಿಸಲವೂ ಒಂದು ನೋಟುಪುಸ್ತಕ ಕೊಳ್ಳುತ್ತೇನೆ. ಇದು ಹನ್ನೊಂದನೆಯದು.

ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿಯುತ್ತ ನಮ್ಮ ಯಜಮಾನರು ಕೇಳಿದರು: "ಈ ಸಲ ನಿನ್ನ ಡ್ರೈವರ್‌ಗೆ ಏನು ಹೊಸ ಕೆಲಸ?"

ಇವರು ಓಡಿಸುವುದು ನಗರದ ಬಸ್ಸು. ಹಾಗಾಗಿ ಮನೆಯಲ್ಲಿ ಡ್ರೈವರ್ ಎಂದರೆ ಇವರು; ಆಫೀಸಿನಲ್ಲಿ ಡ್ರೈವರ್ ಎಂದರೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ.

"ಆಂಟಿ-ಅಲಿಯಾಸಿಂಗ್ ಸುಧಾರಣೆ," ಎಂದೆ.

"ಯಾವ ಆಂಟಿ? ಹೆಸರಿನ ಜೊತೆ ಅಲಿಯಾಸ್ ಇದೆ ಅಂದ್ರೆ ಕಳ್ಳಿನೇ ಇರ್ಬೇಕು."

ಎಷ್ಟೋ ವರ್ಷದಿಂದ ಹೇಳುತ್ತ ಬಂದದ್ದನ್ನೇ ಮತ್ತೆ ಹೇಳಿದೆ. ಆಟದ ಚಿತ್ರವೆಲ್ಲ ಸಣ್ಣ ಸಣ್ಣ ಚೌಕಗಳಿಂದ ಆದದ್ದು. ಓರೆ ಗೆರೆ ಎಳೆದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ, ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಆ ಹಲ್ಲುಗಳನ್ನು ಕಣ್ಣಿಗೆ ಕಾಣದಂತೆ ನಯ ಮಾಡುವುದೇ ಆಂಟಿ-ಅಲಿಯಾಸಿಂಗ್. ನಯವಾಯಿತೋ ಇಲ್ಲವೋ ಎಂದು ನೋಡುವವಳು ನಾನು. ಇವರು ಎಂದಿನಂತೆ, "ಅಂದ್ರೆ ಗೆರೆ ನೋಡೋಕೆ ಸಂಬಳ," ಎಂದು ಬ್ಯಾಗು ಹಾಕಿಕೊಂಡು ಹೊರಟರು.

ಗೆರೆ ನೋಡುವುದು ಸುಲಭವಲ್ಲ. ಮೂರು ವರ್ಷದ ಹಿಂದೆ ಮರದ ಎಲೆಗಳು ಮಿನುಗುತ್ತಿವೆ ಎಂದು ನಾನೊಬ್ಬಳೇ ಹೇಳಿದ್ದೆ. ಅಳತೆಯ ತಂತ್ರಾಂಶ ಎಲ್ಲ ಸರಿಯಿದೆ ಎಂದಿತ್ತು. ಕಡೆಗೆ ನನ್ನ ಮಾತೇ ನಿಜವಾಯಿತು. ಅಂದಿನಿಂದ ನನ್ನನ್ನು 'ಹದ್ದು' ಎನ್ನುತ್ತಾರೆ. ಎದುರಿಗೆ ಅನ್ನುವುದಿಲ್ಲ, ಆದರೆ ನನಗೆ ಗೊತ್ತು, ನನಗೆ ಇಷ್ಟವೂ ಹೌದು.

ಮಾರ್ಚ್ 6, ಗುರುವಾರ

ಈ ಸುಧಾರಣೆ ಬರೆದಿರುವುದು ಹೊಸಬಳು. ಬಂದು ಎಂಟು ತಿಂಗಳಾಗಿದೆ, ಕೆಲಸ ಇನ್ನೂ ಕಾಯಂ ಆಗಿಲ್ಲ. ನಾಲ್ಕು ವರ್ಷದ ಮಗಳಿದ್ದಾಳಂತೆ. ಮಾತು ಕಡಿಮೆ. ಮೊದಲ ಎರಡು ದಿನ ಅವಳ ಕೆಲಸ ನೋಡಿ ನಿಜಕ್ಕೂ ತಲೆದೂಗಿದೆ. ಹಿಂದಿನ ಚಿತ್ರಗಳಿಂದ ಮಾಹಿತಿ ತೆಗೆದು ಈಗಿನ ಅಂಚನ್ನು ತುಂಬಿಸುವ ಉಪಾಯ. ದೂರದ ಬೇಲಿಯ ತಂತಿ ಕೂಡ ತುಂಡಾಗದೆ ನಿಂತಿತ್ತು.

ಇವತ್ತು ಭೂತಗನ್ನಡಿ ಹಿಡಿದೆ. ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಗಾಜು ಒತ್ತಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ. ನನಗೆ ಈ ಕೆಲಸ ಕಲಿಸಿದವರು ಹೀಗೇ ಮಾಡುತ್ತಿದ್ದರು. ಆಟದೊಳಗಿನ ಬೀದಿಯಲ್ಲಿ ವಿದ್ಯುತ್ ಕಂಬದ ಮೂರನೆಯ ತಂತಿ ನಡುವೆ ಒಂದಿಷ್ಟು ಉಬ್ಬಿತ್ತು. ನೇರ ಗೆರೆ ಹೊಟ್ಟೆ ಬಿಟ್ಟುಕೊಂಡ ಹಾಗೆ.

ಸಿಕ್ಕಿಬಿದ್ದಳು.

ಮಾರ್ಚ್ 11, ಮಂಗಳವಾರ

ಹನ್ನೊಂದು ದೋಷ. ಬೇಲಿ, ಕಿಟಕಿಯ ಸರಳು, ಸೇತುವೆಯ ಹಗ್ಗ, ಎಲ್ಲದರಲ್ಲೂ ಅದೇ ಉಬ್ಬು. ಪರೀಕ್ಷಾ ಕೋಣೆಗೆ ಹೊಸ ಟ್ಯೂಬ್‌ಲೈಟ್ ಹಾಕಿದ್ದಾರೆ, ಬೆಳಕು ಮಂಕು. ಕೆಂಪು ಬಣ್ಣವೆಲ್ಲ ತೊಳೆದಿಟ್ಟ ಹಾಗಿದೆ. ಬದಲಿಸಿ ಎಂದು ಎರಡು ಸಲ ಹೇಳಿದೆ.

ಹೊಸಬಳನ್ನು ಕರೆಸಿದೆ. ಅವಳು ನನ್ನ ಪಟ್ಟಿಯನ್ನು ಎರಡು ಸಲ ಓದಿದಳು.

"ಅಳತೆ ತೆಗೆದು ನೋಡಿದೆ ಮೇಡಂ. ತಂತಿ ಒಂದು ಪಿಕ್ಸೆಲ್ ಕೂಡ ಆಚೀಚೆ ಹೋಗಿಲ್ಲ."

"ಆಟ ಆಡೋರು ಅಳತೆ ಹಿಡ್ಕೊಂಡು ಕೂತ್ಕೋತಾರಾ? ಕಣ್ಣಲ್ಲಿ ನೋಡ್ತಾರೆ."

"ಹಳೇ ಡ್ರೈವರನ್ನೂ ಪಕ್ಕದಲ್ಲಿಟ್ಟು ಒಂದ್ಸಲ ನೋಡ್ತೀರಾ?"

ನನಗೆ ರೇಗಿತು. "ಹಳೇದನ್ನ ಪಾಸ್ ಮಾಡಿದವಳೇ ನಾನು. ಅದರ ಒಂದೊಂದು ಗೆರೆನೂ ನನಗೆ ಬಾಯಿಪಾಠ. ನೀನು ಮೊದ್ಲು ನಿನ್ನದನ್ನ ಸರಿ ಮಾಡ್ಕೋ."

ಅವಳು ತಲೆಯಾಡಿಸಿ ಹೋದಳು. ಈ ಹೊಸಬರಿಗೆಲ್ಲ ನಾಲ್ಕಕ್ಷರ ಕಲಿತ ಕೂಡಲೇ ಹಿರಿಯರಿಗೆ ಕೆಲಸ ಹೇಳಿಕೊಡುವ ಚಟ.

ಮಾರ್ಚ್ 14, ಶುಕ್ರವಾರ

ಮುಖ್ಯಸ್ಥರು ತಾವೇ ಬಂದು ನೋಡಿದರು. ಭೂತಗನ್ನಡಿ ತೆಗೆದುಕೊಂಡು ಕಣ್ಣು ಕಿರಿದು ಮಾಡಿ ಪರದೆಗೆ ಬಗ್ಗಿದರು. "ಮೂರನೇ ತಂತಿ, ನಡುಭಾಗ," ಎಂದೆ.

"ಹೌದ್ಹೌದು. ನೀವು ಹೇಳಿದ ಮೇಲೆ ಕಾಣ್ತಿದೆ. ಸ್ವಲ್ಪ ಉಬ್ಬಿದೆ."

ಅವರ ಹಿಂದೆ ನಿಂತಿದ್ದ ಇಬ್ಬರಿಗೂ ಕಂಡಿತು. ಒಬ್ಬನಿಗಂತೂ ನಾನು ತೋರಿಸದ ಕಡೆಯೂ ಕಂಡಿತು. ಹೊಸಬಳು ಕೊನೆಯಲ್ಲಿ ನೋಡಿದಳು. ಒಂದು ಕಣ್ಣಲ್ಲಿ ನೋಡಿದಳು, ಇನ್ನೊಂದರಲ್ಲಿ ನೋಡಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.

"ನನಗೆ ಕಾಣ್ತಿಲ್ಲ," ಎಂದಳು ಮೆಲ್ಲಗೆ.

ನನಗೆ ಒಳಗೊಳಗೇ ಸಮಾಧಾನ.

ಮಾರ್ಚ್ 17, ಸೋಮವಾರ

ತಲೆನೋವು. ಇಪ್ಪತ್ತಾರು ದೋಷ. ಚಹಾ ಬಗ್ಗಿಸುವಾಗ ಲೋಟದ ಆಚೆ ಚೆಲ್ಲಿತು. ಈ ಹಾಳು ಕೆಲಸದಲ್ಲಿ ಕೈಗೂ ಗಮನ ಇಲ್ಲ.

ಮಾರ್ಚ್ 20, ಗುರುವಾರ

ಸಭೆ. ಹೊಸಬಳು ಒಂಬತ್ತು ದಿನದಲ್ಲಿ ಎರಡು ಸಲ ಹೊಸದಾಗಿ ಬರೆದು ಕೊಟ್ಟಿದ್ದಾಳೆ. ಎರಡರಲ್ಲೂ ಉಬ್ಬು ಇದ್ದ ಹಾಗೇ ಇದೆ, ಇನ್ನೂ ಹೆಚ್ಚಾದ ಹಾಗೂ ಇದೆ. ಪಟ್ಟಿ ಮೂವತ್ತೊಂದಕ್ಕೆ ಏರಿತು. ಪ್ರತಿಯೊಂದಕ್ಕೂ ನಾನು ಕೈಯಾರೆ ಚಿತ್ರ ಬರೆದು ತೋರಿಸಿದ್ದೆ: ನೇರ ಗೆರೆಗಳ ನಡುವೆ ನಾಣ್ಯದಷ್ಟು ಅಗಲದ ಉಬ್ಬು.

ಅವಳು ಎದ್ದು ನಿಂತು ಹೇಳಿದಳು: "ನನ್ನ ಕಣ್ಣಿಗೆ ಕಾಣದೇ ಇರೋದನ್ನ ಹೇಗೆ ಸರಿ ಮಾಡ್ಲಿ ಮೇಡಂ?"

"ಕಾಣೋರ ಹತ್ರ ಬಿಟ್ಟುಕೊಡು," ಎಂದೆ.

ಹಾಗೆ ಅನ್ನಬಾರದಿತ್ತು ಎಂದು ಅನಿಸಿತು. ಆದರೆ ಅಂದದ್ದು ಸುಳ್ಳಲ್ಲ. ಸುಧಾರಣೆಯನ್ನು ಈ ಬಿಡುಗಡೆಯಿಂದ ಕೈಬಿಟ್ಟರು. ಅವಳನ್ನು ಆ ಕೆಲಸದಿಂದ ತೆಗೆದು, ಬಳಕೆದಾರರ ಕೈಪಿಡಿ ತಿದ್ದಲು ಕೂರಿಸಿದರು. ಹೊರಗೆ ಬಂದಾಗ ಮುಖ್ಯಸ್ಥರು, "ನೀವಿಲ್ದಿದ್ರೆ ಮಾನ ಹೋಗ್ತಿತ್ತು," ಎಂದರು.

ಮಾರ್ಚ್ 22, ಶನಿವಾರ

ಬಚ್ಚಲುಮನೆಗೆ ಹೊಸ ಟೈಲ್ಸ್ ಹಾಕಿಸುತ್ತಿದ್ದೇವೆ. ಮೇಸ್ತ್ರಿ ಒಳ್ಳೆಯ ಕೆಲಸಗಾರ ಎಂದು ಇವರೇ ಹುಡುಕಿ ತಂದದ್ದು. ಅಭ್ಯಾಸಬಲದಿಂದ ಎಡಗಣ್ಣು ಮುಚ್ಚಿ ನೋಡಿದೆ. ನಾಲ್ಕನೆಯ ಸಾಲು ಉಬ್ಬಿತ್ತು.

"ಇದನ್ನ ತೆಗೀರಿ. ಸೊಟ್ಟಗಿದೆ."

ಮೇಸ್ತ್ರಿ ದಾರ ತೆಗೆದು ಎರಡು ತುದಿಗೆ ಹಿಡಿದ. "ನೋಡಿ ಅಕ್ಕಾ. ಕೂದಲೆಳೆ ಸಂದೂ ಇಲ್ಲ."

"ನಿಮ್ಮ ದಾರನೇ ಜೋಲು ಬಿದ್ದಿದೆ."

"ದಾರ ಜೋಲು ಬಿದ್ರೆ ಕೆಳಗೆ ಬೀಳುತ್ತೆ ಅಕ್ಕಾ, ಪಕ್ಕಕ್ಕೆ ಬೀಳಲ್ಲ."

ಇವರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ನಾನು ಪಟ್ಟು ಬಿಡಲಿಲ್ಲ. ಮೇಸ್ತ್ರಿ ಗೊಣಗುತ್ತ ಒಂದು ಸಾಲು ಕಿತ್ತು ಮತ್ತೆ ಕೂರಿಸಿದ. ಮತ್ತೆ ಹಾಗೇ ಉಬ್ಬಿತು. ಇನ್ನೊಂದು ಸಲ ತೆಗೀರಿ ಎಂದಾಗ ಇವರ ನಗು ನಿಂತಿತ್ತು. ನನ್ನ ಮುಖವನ್ನೇ ನೋಡುತ್ತಿದ್ದರು. ಈಚೆಗೆ ಯಾರೂ ಕೆಲಸ ನೆಟ್ಟಗೆ ಮಾಡುವುದಿಲ್ಲ.

ಮಾರ್ಚ್ 25, ಮಂಗಳವಾರ

ಅಂತಿಮ ವರದಿಗೆ ಹೋಲಿಕೆಯ ಚಿತ್ರ ಬೇಕಿತ್ತು. ಹಳೆಯ ಡ್ರೈವರ್ ಹಾಕಿದೆ. ಅದೇ ಬೀದಿ, ಅದೇ ಕಂಬ.

ಮೂರನೆಯ ತಂತಿ ಉಬ್ಬಿತ್ತು.

ಪರದೆ ಬದಲಿಸಿದೆ. ಕಾರ್ಡ್ ಬದಲಿಸಿದೆ. ಭೂತಗನ್ನಡಿ ಒರೆಸಿದೆ. ಎರಡನೆಯ ತಂತಿ ನೋಡಿದರೆ ಎರಡನೆಯದು ಉಬ್ಬುತ್ತದೆ, ನಾಲ್ಕನೆಯದನ್ನು ನೋಡಿದರೆ ನಾಲ್ಕನೆಯದು. ನಾನು ಎಲ್ಲಿ ನೋಡುತ್ತೇನೋ ಅಲ್ಲಿ.

ಕಂಪ್ಯೂಟರ್ ಆರಿಸಿ ಮನೆಗೆ ಬಂದೆ. ಹೋಲಿಕೆಯ ಚಿತ್ರವಿಲ್ಲದೆಯೇ ವರದಿ ಕಳಿಸಿದ್ದೇನೆ.

ಮಾರ್ಚ್ 26, ಬುಧವಾರ

ಹಳೆಯದರಲ್ಲೂ ಮೊದಲಿಂದಲೇ ಇತ್ತೇನೋ.

ಮಾರ್ಚ್ 27, ಗುರುವಾರ

ಬಾಗಿಲ ಚೌಕಟ್ಟು. ಕ್ಯಾಲೆಂಡರಿನ ಮನೆಗಳು. ಬಸ್ಸಿನ ಕಿಟಕಿ. ಈ ಪುಸ್ತಕದ ಗೆರೆಗಳು ಕೂಡ. ಎಡಗಣ್ಣಿನಲ್ಲಿ ನೋಡಿದರೆ ಎಲ್ಲವೂ ನೆಟ್ಟಗಿವೆ. ಇನ್ನು ನೋಡುವುದಿಲ್ಲ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ತಿಂಡಿ ಆದಮೇಲೆ ಇವರು ಕುರ್ಚಿ ಎಳೆದು ಕಿಟಕಿಯ ಎದುರು ಹಾಕಿದರು. "ಕೂತ್ಕೋ."

"ಯಾಕೆ?"

"ಡಿಪೋದಲ್ಲಿ ವರ್ಷಕ್ಕೊಂದ್ಸಲ ನನಗೆ ಮಾಡ್ತಾರಲ್ಲ, ಅದನ್ನ ನಿನಗೆ ಮಾಡ್ತೀನಿ."

ನಾನು ಎದ್ದು ಹೋಗಲು ನೋಡಿದೆ. ಇವರು ಭುಜ ಹಿಡಿದು ಕೂರಿಸಿ, ತಮ್ಮ ಅಂಗೈಯಿಂದ ನನ್ನ ಎಡಗಣ್ಣು ಮುಚ್ಚಿದರು. ಕೈಗೆ ಸೋಪಿನ ವಾಸನೆ ಇತ್ತು. ಎದುರಿಗೆ ದಿನಪತ್ರಿಕೆ ಹಿಡಿದು, "ದಪ್ಪ ಅಕ್ಷರ ಓದು," ಎಂದರು.

ಸುತ್ತಲಿನ ಅಕ್ಷರ ಇದ್ದವು. ನಡುವೆ ಬೂದಿಬಣ್ಣದ ಒಂದು ಕಲೆ, ಒದ್ದೆ ಲೋಟ ಇಟ್ಟು ಎತ್ತಿದ ಗುರುತಿನ ಹಾಗೆ. ಅದರ ಕೆಳಗೆ ಅಕ್ಷರಗಳು ನೀರಲ್ಲಿ ಬಿದ್ದಂತೆ ಕುಣಿಯುತ್ತಿದ್ದವು. ಊಹಿಸಿ ಹೇಳಿದೆ. ತಪ್ಪು ಹೇಳಿದೆ ಎಂದು ಇವರು ಉಸಿರು ಬಿಟ್ಟದ್ದರಲ್ಲೇ ಗೊತ್ತಾಯಿತು.

"ಯಾವಾಗಿಂದ?"

"ಗೊತ್ತಿಲ್ಲ ರೀ." ಆಮೇಲೆ ಹೇಳಿದೆ, "ಮಂಗಳವಾರದಿಂದ ಗೊತ್ತು."

"ಆಫೀಸಲ್ಲಿ ಹೇಳಿದ್ಯಾ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಇವರು ಪತ್ರಿಕೆ ಮಡಿಸಿ, ಮಡಿಸಿದ್ದನ್ನು ಮತ್ತೆ ಮಡಿಸಿ, ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 1, ಮಂಗಳವಾರ

ಕಣ್ಣಿನ ವೈದ್ಯೆ ನನ್ನದೇ ವಯಸ್ಸಿನವರು. ಹನಿ ಹಾಕಿ, ಯಂತ್ರದೊಳಗೆ ಗಲ್ಲ ಇಡಿಸಿ ನೋಡಿದರು. ಬಲಗಣ್ಣಿನ ರೆಟಿನಾ ಪರದೆಯ ಹಿಂದೆ ನೀರು ಸೇರಿಕೊಂಡು, ನಟ್ಟನಡುವೆ ಗುಳ್ಳೆಯಂತೆ ಎದ್ದಿದೆಯಂತೆ. ಹೀಗಾಗಿ ಒಂದು ತಿಂಗಳಾದರೂ ಆಗಿರಬೇಕು, ಹೆಚ್ಚೂ ಇರಬಹುದು ಎಂದರು.

"ಎರಡೂ ಕಣ್ಣು ತೆರೆದಿದ್ದಾಗ ಒಳ್ಳೇ ಕಣ್ಣು ಇದನ್ನ ಮುಚ್ಚಿಹಾಕಿಬಿಡುತ್ತೆ. ಅದಕ್ಕೇ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಒಂದೇ ಕಣ್ಣಲ್ಲಿ ನೋಡೋ ಕೆಲಸ ಏನಾದ್ರೂ ಮಾಡ್ತೀರಾ?"

ಜೊತೆಗೆ ಬಂದಿದ್ದ ಇವರು ನನ್ನ ಕಡೆ ನೋಡಿದರು. ನಾನು ಹೌದು ಎಂದೆ.

ಚೌಕುಳಿ ಗೆರೆಗಳಿದ್ದ ಒಂದು ಹಾಳೆ ಕೊಟ್ಟು, ಬಲಗಣ್ಣಿಗೆ ಹೇಗೆ ಕಾಣುತ್ತದೋ ಹಾಗೇ ಬರೆಯಿರಿ ಎಂದರು. ಬರೆದೆ. ನೇರ ಗೆರೆಗಳ ನಡುವೆ ನಾಣ್ಯದಷ್ಟು ಅಗಲದ ಉಬ್ಬು. ಪೆನ್ನು ಕೆಳಗಿಟ್ಟೆ. ಈ ಚಿತ್ರವನ್ನು ನಾನು ಮೂವತ್ತೊಂದು ಸಲ ಬರೆದಿದ್ದೇನೆ. ಒಂದೊಂದರ ಮೇಲೂ ಅವಳ ಹೆಸರು ಹಾಕಿದ್ದೇನೆ.

"ಸರಿ ಹೋಗುತ್ತಾ?" ಇವರು ಕೇಳಿದರು.

"ತುಂಬ ಜನಕ್ಕೆ ಮೂರ್ನಾಲ್ಕು ತಿಂಗಳಲ್ಲಿ ತಾನಾಗೇ ಇಂಗುತ್ತೆ. ಕೆಲವರಿಗೆ ಸ್ವಲ್ಪ ಉಳ್ಕೊಳ್ಳುತ್ತೆ. ಈಗಲೇ ಮಾತು ಕೊಡಕ್ಕಾಗಲ್ಲ."

ಏಪ್ರಿಲ್ 3, ಗುರುವಾರ

ಜ್ವರ ಎಂದು ರಜೆ ಹಾಕಿದ್ದೇನೆ. ಮುಖ್ಯಸ್ಥರು ಫೋನ್ ಮಾಡಿದರು. ಆರಾಮ ಮಾಡಿ ಎಂದು ಹೇಳಿ, ಕಡೆಗೆ, "ಅಂದ ಹಾಗೆ, ಹೊಸಬಳನ್ನ ಕಾಯಂ ಮಾಡೋದಿಲ್ಲ. ಈ ತಿಂಗಳ ಕೊನೆಗೆ ಕಳಿಸ್ತಿದ್ದೀವಿ. ನಿಮ್ಮ ವರದಿ ಸಾಕಾಯ್ತು," ಎಂದರು.

"ಹೂಂ," ಎಂದೆ. ಬರೀ ಹೂಂ.

ಇವರು ಕೇಳಿಸಿಕೊಂಡಿದ್ದರು. ಊಟಕ್ಕೆ ಕೂತಾಗ ಮಾತು ತೆಗೆದರು.

"ನಮ್ಮಲ್ಲಿ ಕಣ್ಣು ಕೈಕೊಟ್ರೆ ಸ್ಟಿಯರಿಂಗ್ ಬಿಡಿಸಿ ಟಿಕೆಟ್ ಎಣಿಸೋಕೆ ಕೂರಿಸ್ತಾರೆ. ಹೇಳೋಕೆ ಯಾರಿಗೂ ಇಷ್ಟ ಇರಲ್ಲ. ಆದ್ರೂ ಹೇಳ್ತಾರೆ. ಹಿಂದೆ ನಲವತ್ತು ಜನ ಕೂತಿರ್ತಾರೆ."

"ನನ್ನ ಡ್ರೈವರ್ ಯಾರನ್ನೂ ಸಾಯಿಸಲ್ಲ."

"ಸಾಯಿಸಲ್ಲ. ಕೆಲಸ ಹೋಗ್ತಿರೋದು ಯಾರ್ದು?"

"ನನ್ನ ಕಣ್ಣೇ ಹೋಗ್ತಿರ್ಬೇಕಾದ್ರೆ ನಿಮಗೆ ಅವಳ ಚಿಂತೆ!" ಎಂದು ಕೂಗಿದೆ. ತಟ್ಟೆ ಬಿಟ್ಟು ಎದ್ದೆ. ಇವರು ಹಿಂದೆ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಟ್ಟೆ ತೊಳೆಯುವ ಸದ್ದು ಕೇಳಿತು. ನನ್ನದನ್ನೂ ತೊಳೆದಿಟ್ಟಿದ್ದರು.

ಹದ್ದಿಗೆ ಕಣ್ಣಿಲ್ಲ ಎಂದರೆ ಉಳಿಯುವುದೇನು? ಕೊಕ್ಕು, ಉಗುರು.

ಏಪ್ರಿಲ್ 7, ಸೋಮವಾರ

ಹೇಳಿದೆ.

ಮಾರ್ಚ್ 20ರಂದು ಕೂತಿದ್ದವರನ್ನೇ ಕರೆಸಿ ಎಂದು ಮುಖ್ಯಸ್ಥರನ್ನು ಕೇಳಿಕೊಂಡಿದ್ದೆ. ವೈದ್ಯೆ ಕೊಟ್ಟ ಚೌಕುಳಿ ಹಾಳೆಯನ್ನೂ ನನ್ನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟೆ. "ಉಬ್ಬು ಡ್ರೈವರ್‌ನಲ್ಲಿ ಇಲ್ಲ. ನನ್ನ ಬಲಗಣ್ಣಲ್ಲಿದೆ. ಹದಿಮೂರು ದಿನದಿಂದ ನನಗೆ ಗೊತ್ತು, ಹೇಳಲಿಲ್ಲ," ಎಂದೆ. ಹೇಳಿ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ.

ಎಲ್ಲರೂ ಆ ಎರಡು ಹಾಳೆಗಳನ್ನು ನೋಡುತ್ತ ಕೂತರು. ಕಡೆಗೆ ಮುಖ್ಯಸ್ಥರು, "ಆದ್ರೆ... ಅವತ್ತು ನಮಗೂ ಕಾಣ್ತಲ್ಲ?" ಎಂದರು. ಅವರ ಪಕ್ಕದಲ್ಲಿದ್ದವನು, ನಾನು ತೋರಿಸದ ಕಡೆಯೂ ಕಂಡಿದ್ದವನು, ಮೇಜಿನ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿದ.

ಹೊಸಬಳು ಅಲ್ಲಿರಲಿಲ್ಲ. ಕೈಪಿಡಿ ತಿದ್ದುವವರನ್ನು ಸಭೆಗೆ ಕರೆಯುವುದಿಲ್ಲವಂತೆ.

ಎಲ್ಲರೂ ಹೋದಮೇಲೆ ಮುಖ್ಯಸ್ಥರು ಬಾಗಿಲು ಹಾಕಿದರು. "ನೋಡಿ, ಕಣ್ಣಿನ ವಿಷಯ ಬರವಣಿಗೇಲಿ ಬೇಡ. ಮರುಪರಿಶೀಲನೆ ಅಂತ ಹಾಕೋಣ. ನಿಮ್ಮ ಮರ್ಯಾದೆನೂ ಉಳಿಯುತ್ತೆ, ನಮ್ಮದೂ ಉಳಿಯುತ್ತೆ."

"ಅವರ ಮೇಲೆ ಬರೆದಿದ್ದು ಬರವಣಿಗೇಲೇ ಇದೆ ಸರ್," ಎಂದೆ.

ಅಲ್ಲೇ ಕೂತು ಬರೆದೆ: ದೋಷ ಇದ್ದದ್ದು ನೋಡಿದವಳ ಕಣ್ಣಿನಲ್ಲಿ. ಸಹಿ ಹಾಕುವಾಗ ಗೆರೆ ತಪ್ಪಿ ಕೆಳಗೆ ಹೋಯಿತು.

ಏಪ್ರಿಲ್ 8, ಮಂಗಳವಾರ

ಆ ಹೊಸಬರು ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬರೇ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಎದುರಿಗೆ ಹೋಗಿ ನಿಂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ. "ನಿಮ್ಮ ಕೆಲಸ ಸರಿಯಾಗಿತ್ತು. ನಾನೇ ತಪ್ಪು," ಎಂದಷ್ಟೇ ಅಂದೆ.

"ನಿನ್ನೆ ಹೇಳಿದ್ರು." ಡಬ್ಬಿಯ ಮುಚ್ಚಳ ಹಾಕಿದರು. "ಕೂತ್ಕೊಳ್ಳಿ ಅಂತ ಹೇಳಕ್ಕಾಗ್ತಿಲ್ಲ ಮೇಡಂ. ಕೋಪ ಇದೆ."

"ಇರಲಿ."

"ನಾನೂ ಕಣ್ಣು ತೋರಿಸ್ಕೊಂಡು ಬಂದೆ, ಗೊತ್ತಾ? ನೀವೆಲ್ರೂ ಕಾಣ್ತಿದೆ ಅಂದ್ರಲ್ಲ, ಆ ಶುಕ್ರವಾರ. ಮಾರನೇ ದಿನವೇ ಹೋದೆ. ಕಣ್ಣು ಚೆನ್ನಾಗಿದೆ ಅಂದ್ರು. ಡಾಕ್ಟರ್ ಮಾತು ನಂಬಲಿಲ್ಲ. ಇನ್ನೊಬ್ಬರ ಹತ್ರ ಹೋದೆ. ಅವರೂ ಚೆನ್ನಾಗಿದೆ ಅಂದ್ರು. ಆಮೇಲೆ ಕಣ್ಣಲ್ಲ, ತಲೇನೇ ಸರಿ ಇಲ್ಲ ಅಂದ್ಕೊಂಡೆ. ಮಗಳು ಮನೆ ಚಿತ್ರ ಬರೆದು ತೋರಿಸಿದ್ರೆ, ಚೆನ್ನಾಗಿದೆ ಅನ್ನೋ ಬದ್ಲು ಗೋಡೆ ನೆಟ್ಟಗಿದೆಯಾ ಅಂತ ನೋಡ್ತಿದ್ದೆ. ಅವಳು ಈಗ ನನಗೆ ತೋರಿಸೋದೇ ಬಿಟ್ಟಿದ್ದಾಳೆ."

ಸುತ್ತ ಜನ ಊಟ ಮಾಡುತ್ತಿದ್ದರು. ನಾನು ನಿಂತೇ ಇದ್ದೆ. ಕ್ಷಮಿಸಿ ಎನ್ನಬೇಕಿತ್ತು. ಅದನ್ನು ಹೇಳಿದರೆ ಅವರು ಏನಾದರೂ ಉತ್ತರ ಕೊಡಬೇಕಾಗುತ್ತದೆ, ಆ ಹೊರೆಯೂ ಅವರಿಗೇ ಯಾಕೆ ಎನಿಸಿತು. ಕಡೆಗೆ ಹೇಳಿಯೇಬಿಟ್ಟೆ. ಅವರು ಡಬ್ಬಿ ಎತ್ತಿಕೊಂಡು ಎದ್ದರು.

ಏಪ್ರಿಲ್ 16, ಬುಧವಾರ

ಪಟ್ಟಿಯನ್ನು ಹೊಸಬರೇ ಕೂತು ಮತ್ತೆ ಪರಿಶೀಲಿಸಿದರು. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಇಲ್ಲವೇ ಇಲ್ಲ. ಎರಡು ಕಡೆ ಮಾತ್ರ ಉಬ್ಬಲ್ಲ, ಬೇರೊಂದು ಸಣ್ಣ ದೋಷ ನಿಜವಾಗಿಯೂ ಇತ್ತು. ಮುಚ್ಚಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಎರಡನ್ನೂ ತಾವೇ ಬರೆದು, ತಾವೇ ಸರಿಮಾಡಿದರು.

ಅವರ ಕೆಲಸ ಕಾಯಂ ಆಯಿತು. ಸುಧಾರಣೆ ಮುಂದಿನ ಬಿಡುಗಡೆಯಲ್ಲಿ ಹೋಗುತ್ತದೆ. ಕೊನೆಯ ಸಹಿ ಇನ್ನು ನನ್ನದಲ್ಲ. ನನ್ನ ಮೇಜನ್ನು ಪರೀಕ್ಷಾ ಕೋಣೆಯಿಂದ ಹೊರಗೆ ತಂದು ಕಿಟಕಿಯ ಪಕ್ಕ ಹಾಕಿದ್ದಾರೆ. ಆಟಗಾರರು ಕಳಿಸುವ ದೂರುಗಳನ್ನು ಓದಿ ವಿಂಗಡಿಸುವ ಕೆಲಸ. ದೊಡ್ಡ ಅಕ್ಷರ ಮಾಡಿಕೊಂಡು ಓದುತ್ತೇನೆ. ಇವರಿಗೆ ಹೇಳಿದಾಗ, "ಟಿಕೆಟ್ ಎಣಿಸೋ ಕೆಲಸ," ಎಂದರು. ನಗು ಬಂತು. ಎಷ್ಟು ದಿನದ ಮೇಲೆ ಬಂತೋ.

ಮೇ 2, ಶುಕ್ರವಾರ

ವೈದ್ಯೆ ನೋಡಿದರು. ನೀರು ಸ್ವಲ್ಪ ಇಂಗಿದೆ, ಪೂರ್ತಿ ಇಲ್ಲ. ಇನ್ನೂ ಎರಡು ತಿಂಗಳು ನೋಡೋಣ ಎಂದರು.

ಮೇ 9, ಶುಕ್ರವಾರ

ಮಧ್ಯಾಹ್ನ ದೂರುಗಳನ್ನು ಓದುತ್ತಿದ್ದೆ. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಅವರೇ. ಒಂದು ತಿಂಗಳಿಂದ ನಮ್ಮ ನಡುವೆ ನಮಸ್ಕಾರ ಬಿಟ್ಟು ಬೇರೆ ಮಾತಿರಲಿಲ್ಲ.

"ಮೇಡಂ, ಒಂದು ನಿಮಿಷ. ಆಟದಲ್ಲಿ ಮೆಟ್ಟಿಲ ಕಂಬಿ ಹತ್ರ ಪಾತ್ರ ತಿರುಗಿದಾಗ ಅಂಚಲ್ಲಿ ಒಂದು ನೆರಳು ಹಿಂದೆ ಉಳೀತಿದೆ. ನನಗೆ ಕಾಣ್ತಿದೆ. ಒಳಗೆ ಯಾರಿಗೂ ಕಾಣ್ತಿಲ್ಲ. ಅಳತೆಗೂ ಸಿಗ್ತಿಲ್ಲ."

ಎರಡೂ ಕಣ್ಣು ತೆರೆದು ನೋಡಿದೆ. ಅವರು ಮೂರು ಸಲ ತಿರುಗಿಸಿ ತೋರಿಸಿದರು. ಎಡಗಣ್ಣಿನಲ್ಲಿ ನೋಡಿದೆ. ಕಾಣುತ್ತಿದೆ ಎನ್ನಲು ಎಷ್ಟು ಆಸೆಯಾಯಿತೆಂದರೆ, ಒಂದು ಕ್ಷಣ ಕಂಡಂತೆಯೇ ಆಯಿತು.

"ಇಲ್ಲ. ನನಗೆ ಕಾಣ್ತಿಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು. ಹೆದರುತ್ತಾರೇನೋ, ಮತ್ತೆ ಕನ್ನಡಕ ತೆಗೆದು ಒರೆಸುತ್ತಾರೇನೋ ಎಂದು ನನಗೇ ಹೆದರಿಕೆಯಾಯಿತು.

"ಆದ್ರೂ ಇದೆ ಮೇಡಂ," ಎಂದರು.

ನಾನು ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟೆ. ಅವರು ಕೂತು, ದೋಷದ ಪಟ್ಟಿ ತೆರೆದು, ಬರೆಯಲು ಶುರುಮಾಡಿದರು.